ಪಡಸಾಲೆಯ ಕಪ್ಪು ತೊಲೆಗಳು: ಬಾಗಲಕೋಟೆ ಜಿಲ್ಲೆಯ ಒಂದು ಮಾಳಿಗೆ ಮನೆಯ ಪ್ರಕರಣ

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ನೇಕಾರಿಕೆಯ ಊರೊಂದರ ಮನೆ ಇದು. ಊರು, ಓಣಿ, ಮನೆತನದ ಹೆಸರು ಇಲ್ಲಿ ಬೇಡ. ಮನೆಯವರ ಗುರುತು ಹತ್ತದಿರಲೆಂದು ಸಂಸಾರದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಕಟ್ಟಿಗೆ, ಮಣ್ಣು, ನೀರಿನ ಸಂಗತಿಗಳನ್ನು ಮಾತ್ರ ಇದ್ದದ್ದು ಇದ್ದಂತೆ ಬರೆದಿದ್ದೇನೆ.

ಸ್ವಾತಂತ್ರ್ಯಕ್ಕೂ ಮುಂಚೆ ಕಟ್ಟಿದ ಮಾಳಿಗೆ ಮನೆ, ಅಂದರೆ ಸಮತಟ್ಟಾದ ಮಣ್ಣಿನ ಚಾವಣಿಯದು. ಕಲ್ಲು-ಮಣ್ಣಿನ ದಪ್ಪ ಗೋಡೆ. ಬಾಗಿಲು ದಾಟಿದರೆ ಮೊದಲು ದನ ಕಟ್ಟುತ್ತಿದ್ದ ತಗ್ಗು, ಅದರಾಚೆ ಎತ್ತರದ ಪಡಸಾಲೆ, ಒಳಗೆ ಅಡಿಗೆಮನೆ ಮತ್ತು ದೇವರ ಜಗಲಿ. ಪಡಸಾಲೆಗೆ ಐದು ಸಾಗವಾನಿ ತೊಲೆ, ಅವುಗಳ ಮೇಲೆ ಬೇವು ಮತ್ತು ಜಾಲಿಯ ಜಂತಿ, ಜಂತಿಯ ಮೇಲೆ ಸೀಳು ಹಲಗೆ, ಬೇವಿನ ತಪ್ಪಲು, ಅದರ ಮೇಲೆ ಮೊಳದಷ್ಟು ಮಣ್ಣು. ಕಟ್ಟಕಡೆಯ ಪದರ ಸವಳು ಮಣ್ಣಿನದು. ಸವಳಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಅದು ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ನೀರು ಒಳಗೆ ಇಳಿಯದೆ ಅಂಚಿನ ಕೊಳವೆಯ ಕಡೆ ಹರಿದು ಹೋಗುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯಾಗುವ ಈ ಸೀಮೆಗೆ ಅಷ್ಟು ಸಾಕು, ಆದರೆ ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲು ಪ್ರತಿವರ್ಷ ಒಂದು ಕೈ ಹೊಸ ಸವಳು ಬೀಳಬೇಕು.

2009ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾಗಿ ಅಕ್ಟೋಬರ್ ಮೊದಲ ವಾರದವರೆಗೂ ಬಿದ್ದ ಮಳೆಯನ್ನು ಈ ಭಾಗದವರು ಮರೆತಿಲ್ಲ. ಎಷ್ಟೋ ಮಣ್ಣಿನ ಮಾಳಿಗೆಗಳು ಆಗ ಕುಸಿದವು. ಈ ಮನೆ ನಿಂತಿತು. ಆದರೂ ಮನೆಯವರು ಹೆದರಿ, ಮಳೆ ನಿಂತ ಮೇಲೆ ಮಾಳಿಗೆಯ ಮಣ್ಣಿನ ಮೇಲೆಯೇ ಎರಡು ಇಂಚು ಸಿಮೆಂಟಿನ ಗಿಲಾವು ಹಾಕಿಸಿದರು. ಅಂದಿನಿಂದ ಸವಳು ಹಾಕುವ ಪದ್ಧತಿ ನಿಂತಿತು. ಇದನ್ನು ನೆನಪಿಟ್ಟುಕೊಳ್ಳಿ, ಪ್ರಕರಣದ ಬೇರು ಇಲ್ಲಿದೆ, ಆದರೆ ನನ್ನನ್ನು ಕರೆಸಿದ ಕಾರಣದಲ್ಲಿ ಮಾಳಿಗೆಯ ಸುದ್ದಿಯೇ ಇರಲಿಲ್ಲ.

ಯಜಮಾನರು ನಿವೃತ್ತ ಶಿಕ್ಷಕರು, ಮುಂದೆ ಅವರನ್ನು ಮಾಸ್ತರು ಎನ್ನುತ್ತೇನೆ. ಎಂಬತ್ತು ದಾಟಿದ ಅವರ ತಾಯಿಯನ್ನು ಇಡೀ ಓಣಿಯೇ ಆಯಿ ಎನ್ನುತ್ತದೆ. ಮಗ ಪುಣೆಯಲ್ಲಿ ನೌಕರಿ ಮಾಡುತ್ತಾನೆ. ಸೊಸೆ ಮತ್ತು ಎರಡು ವರ್ಷದ ಮೊಮ್ಮಗಳು ಆಗ ಊರಲ್ಲೇ ಇದ್ದರು. ವೈಶಾಖದಲ್ಲಿ ಮಗಳ ಮದುವೆ. ಅಕ್ಕಿಕಾಳು (ಅಕ್ಷತೆ) ಬೇರೆ ಕಡೆಯಾದರೂ ದೇವರ ಕಾರ್ಯ, ಅರಿಷಿಣ ಎಲ್ಲಾ ಮನೆಯಲ್ಲೇ. ಪಡಸಾಲೆ ಕತ್ತಲೆ ಕತ್ತಲೆ ಕಾಣುತ್ತದೆ, ತೊಲೆ ತೊಳೆಸಿ ಪಾಲಿಶ್ ಮಾಡಿಸಬೇಕು, ಇಷ್ಟೇ ಅವರ ಬೇಡಿಕೆ.

ನಾನು ಹೋಗುವ ಮೊದಲು ಆಗಿದ್ದು

ಶ್ರಾವಣದಲ್ಲಿ ಒಬ್ಬ ಪೇಂಟರನ್ನು ಕರೆಸಿದ್ದರು. ತೊಲೆಗಳಿಗೆ ಹಳೆಯ ಹಸಿರು ಆಯಿಲ್ ಪೇಂಟ್ ಇತ್ತು, ಅಲ್ಲಲ್ಲಿ ಹೊಪ್ಪಳಿಕೆ ಎದ್ದಿತ್ತು. ಆತ ಮೂರನೇ ತೊಲೆಗೆ ಕಾಸ್ಟಿಕ್ ಸೋಡಾ ಬಳಿದು, ಪೇಂಟ್ ಕರಗಿದ ಮೇಲೆ ಪೈಪಿನಿಂದ ನೀರು ಬಿಟ್ಟು ತೊಳೆದ. ಪೇಂಟ್ ಹೋಯಿತು, ಜೊತೆಗೆ ಸಾಗವಾನಿಯ ಬಣ್ಣವೂ ಹೋಯಿತು. ಟ್ಯಾನಿನ್ ಎಂಬ ಒಗರು ಅಂಶ ಇರುವ ಕಟ್ಟಿಗೆಗೆ ತೀಕ್ಷ್ಣ ಕ್ಷಾರ ತಗುಲಿದರೆ ಕಪ್ಪಡರುತ್ತದೆ, ಮೇಲ್ಮೈಯ ನಾರು ಬಿಟ್ಟು ಜುಂಗು ಏಳುತ್ತದೆ. ತೊಲೆ ಒದ್ದೆ ಗೋಣಿತಟ್ಟಿನಂತೆ ಆಗಿತ್ತು. ಕೆಳಗಿನ ಮಣ್ಣಿನ ಗೋಡೆ ನೀರು ಕುಡಿದು ಗಿಲಾವು ಕಿತ್ತಿತ್ತು.

ಅದನ್ನು ಸರಿಪಡಿಸಲು ನೆಂಟರ ಹುಡುಗನೊಬ್ಬ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ನಾಲ್ಕನೇ ತೊಲೆಯನ್ನು ಉಜ್ಜಿದ. ಆ ದಿನ ಕಟ್ಟಿಗೆ ಬೆಳ್ಳಗೆ ಕಂಡಿತಂತೆ. ವಾರ ಕಳೆಯುವಷ್ಟರಲ್ಲಿ ಮೈತುಂಬಾ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಬ್ರಷ್ಷಿನಿಂದ ಮುರಿದ ಉಕ್ಕಿನ ಚೂರು ನಾರಿನಲ್ಲಿ ಸಿಕ್ಕಿ, ಮಳೆಗಾಲದ ತೇವಕ್ಕೆ ತುಕ್ಕಾಗಿ, ಟ್ಯಾನಿನ್ ಜೊತೆ ಸೇರಿ ಶಾಯಿಯಾಗಿತ್ತು. ಹಿಂದೆ ಬರೆಯುವ ಕರಿ ಶಾಯಿ ತಯಾರಾಗುತ್ತಿದ್ದುದೂ ಕಬ್ಬಿಣ ಮತ್ತು ಟ್ಯಾನಿನ್ ಸೇರಿಯೇ.

ಇಷ್ಟಾದ ಮೇಲೆ ಮಾಸ್ತರು ಕೆಲಸ ನಿಲ್ಲಿಸಿದರು. ಆ ನಿರ್ಧಾರಕ್ಕೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ಉಳಿದ ಮೂರು ತೊಲೆ ಬದುಕಿದ್ದು ಅದರಿಂದಲೇ.

ಯಾವ ಕಪ್ಪು, ಎಲ್ಲಿಂದ ಬಂದದ್ದು

ಸೀಗಿ ಹುಣ್ಣಿಮೆಯ ಆಸುಪಾಸಿನಲ್ಲಿ ನಾನು ನೋಡಲು ಹೋದೆ. ಜೊತೆಗೆ ಆ ಊರಿನದೇ ಹಿರಿಯ ಬಡಗಿ, ಎಲ್ಲರೂ ಕಾಕಾ ಎನ್ನುವವರು. ಮಗ ಪುಣೆಯಿಂದ ವಿಡಿಯೋ ಕಾಲಿನಲ್ಲಿ ಬಂದು, ರೆಸಾರ್ಟ್ ಒಂದರ ಫೋಟೋ ತೋರಿಸಿ, "ಸರ, ಹಿಂಗ ಹೊಳಿಬೇಕ್ರಿ" ಅಂದ. ಕಾಕಾ ಏಣಿಯ ಮೇಲಿಂದಲೇ, "ಮೊದಲ ಇದು ನಿಲ್ಲಲಿ ತಮ್ಮಾ, ಆಮ್ಯಾಲ ಹೊಳಿಲಿ" ಅಂದರು. ಅದು ತಮಾಷೆಯಲ್ಲ ಎಂದು ಗೊತ್ತಾಗಲು ಇನ್ನರ್ಧ ತಾಸು ಹಿಡಿಯಿತು.

ಕೆಳಗೆ ನಿಂತು ನೋಡಿದರೆ ಎಲ್ಲಾ ಒಂದೇ ಮಾಸಲು ಕಪ್ಪು. ಟಾರ್ಚನ್ನು ತೊಲೆಗೆ ಒತ್ತಿ ಅಡ್ಡಲಾಗಿ ಹಿಡಿದಾಗ ಬೇರೆ ಬೇರೆಯಾಗಿ ಕಂಡವು. ಅಡಿಗೆಮನೆಗೆ ಹತ್ತಿದ ತೊಲೆಯ ಕಪ್ಪು ಮಿರಿಮಿರಿ ಮಿಂಚುತ್ತಿತ್ತು, ಉಗುರಿನಿಂದ ಗೀರಿದರೆ ಜಿಡ್ಡು ಬರುತ್ತಿತ್ತು. ಅದು ದಶಕಗಳ ಒಲೆಯ ಹೊಗೆ. ತೊಟ್ಟಿಲ ಕೊಂಡಿ, ಕಂದೀಲಿನ ಗೂಟ, ಹಳೆಯ ಮೊಳೆಗಳ ಸುತ್ತ ಇದ್ದದ್ದು ನೀಲಿಗಪ್ಪು, ಅಂಚು ಚದುರಿದ್ದು. ಅದು ಕಬ್ಬಿಣದ ಕಲೆ. ಬಡಗು ಗೋಡೆಯ ಕಡೆ ಕಂದು ಬಣ್ಣದ ನೀರಿನ ಓರೆಗೆರೆ, ಅದರ ಕೊನೆಗೆ ಬಿಳಿ ಪುಡಿ. ಮನೆಯವರು ಬಿಳಿಯನ್ನು ಬೂಷ್ಟು ಅಂದುಕೊಂಡಿದ್ದರು. ಒಂದು ಹನಿ ನೀರು ಹಾಕಿದೆ, ಬಿಳಿ ಕರಗಿ ಮಾಯವಾಯಿತು, ಒಣಗಿದ ಮೇಲೆ ಮತ್ತೆ ಮೂಡಿತು. ಬೂಷ್ಟು ಹಾಗೆ ಕರಗುವುದಿಲ್ಲ. ಇದು ಉಪ್ಪು, ಮಾಳಿಗೆಯ ಸವಳಿನದೇ ಉಪ್ಪು, ಸೋರುವ ನೀರಿನ ಜೊತೆ ಇಳಿದದ್ದು. ಪಕ್ಕದ ಬೂದುಗಪ್ಪು ಮಚ್ಚೆಗೆ ಬಟ್ಟೆಗೆ ಹಾಕುವ ಬ್ಲೀಚ್ ಒಂದು ಹನಿ ಮುಟ್ಟಿಸಿದಾಗ ಎರಡು ನಿಮಿಷದೊಳಗೆ ತಿಳಿಯಾಯಿತು. ಬರೀ ಕೊಳೆಯಾಗಿದ್ದರೆ ತಿಳಿಯಾಗುತ್ತಿರಲಿಲ್ಲ, ಅಲ್ಲಿ ನಿಜವಾಗಿಯೂ ಶಿಲೀಂಧ್ರ ಕೂತಿತ್ತು.

ತೇವ ಅಳೆಯುವ ಮೀಟರಿನ ಮುಳ್ಳು ಚುಚ್ಚಿದರೆ ಆ ಜಾಗದಲ್ಲಿ 20ಕ್ಕಿಂತ ಮೇಲೆ ತೋರಿಸಿತು. ಕಟ್ಟಿಗೆಯ ತೇವ ಶೇಕಡಾ 20ರ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಮಳೆ ನಿಂತು ದಿನಗಳಾದರೂ ಇಷ್ಟು ತೇವ ಉಳಿದಿದೆ ಎಂದರೆ ನೀರು ಮೇಲೆಯೇ ಸಿಕ್ಕಿಕೊಂಡಿದೆ ಎಂದರ್ಥ. ಮಾಳಿಗೆ ಹತ್ತಿ ನೋಡಿದರೆ ಸಿಮೆಂಟ್ ಗಿಲಾವಿನಲ್ಲಿ ಕೂದಲೆಳೆಯ ಬಿರುಕುಗಳ ಜಾಲ. ಬಿರುಕಿನಿಂದ ನೀರು ಮಣ್ಣಿಗೆ ಇಳಿಯುತ್ತಿತ್ತು, ಸಿಮೆಂಟ್ ಮುಚ್ಚಿದ್ದರಿಂದ ಬಿಸಿಲು ಬಿದ್ದರೂ ಆವಿಯಾಗಿ ಮೇಲೆ ಹೋಗಲು ದಾರಿ ಇರಲಿಲ್ಲ. ಇದ್ದ ಒಂದೇ ದಾರಿ ಕೆಳಗೆ, ತೊಲೆಯ ಮೈಮೇಲೆ.

ಆಮೇಲೆ ಕಾಕಾ ಕೊಡತಿ ಹಿಡಿದು ತೊಲೆಗಳನ್ನು ತುದಿಯಿಂದ ತುದಿಗೆ ಬಡಿಯುತ್ತಾ ಬಂದರು. ಟಣ್, ಟಣ್, ಟಣ್. ಐದನೇ ತೊಲೆ ಬಡಗು ಗೋಡೆಯನ್ನು ಹೊಗುವ ಕಡೆ ಬಂದಾಗ ಸದ್ದು ಬೊದ್ ಎಂದಿತು. ಪೇಂಟ್ ಮಾತ್ರ ಅಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಉಳಿದಿತ್ತು, ಒಂದು ಬಿರುಕೂ ಇಲ್ಲ. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಕೆಯ ತನಕ ಹೋಯಿತು. ಹೊರಗೆ ತೆಗೆದಾಗ ಜೊತೆಗೆ ಬಂದದ್ದು ಒರಲೆಯ (ಗೆದ್ದಲಿನ) ಮಣ್ಣು. ಸಾಗವಾನಿಯ ತಿರುಳನ್ನು ಒರಲೆ ಸುಲಭಕ್ಕೆ ಮುಟ್ಟುವುದಿಲ್ಲ ಎಂಬುದು ನಿಜ, ಆದರೆ ವರ್ಷಗಟ್ಟಲೆ ನೀರು ಕುಡಿದು ಕೊಳೆತ ತುದಿಯಲ್ಲಿ, ಅದರಲ್ಲೂ ಹೊರಬದಿಯ ಬಿಳಿಕಟ್ಟಿಗೆಯಲ್ಲಿ, ಆ ಲೆಕ್ಕ ನಡೆಯುವುದಿಲ್ಲ.

ಮಾಸ್ತರು ಕೆಳಗಿನಿಂದ ಕೇಳಿದರು: "ಎಷ್ಟ ದಿನದ್ದು ಕಾಕಾ ಇದು?"

"ದಿನದ್ದಲ್ಲರಿ ಸರ. ಬಣ್ಣ ಹಿಡಕೊಂಡು ನಿಂತೈತಿ ಅಷ್ಟ."

ದುಡ್ಡು ಎಲ್ಲಿಗೆ ಹೋಗಬೇಕು

ಈ ಪ್ರಕರಣದ ನಿಜವಾದ ತಿರುವು ಬಂದದ್ದು ಅಂದು ರಾತ್ರಿ ಊಟಕ್ಕೆ ಕೂತಾಗ. ಮದುವೆಯ ಖರ್ಚಿನ ನಡುವೆ ಪಡಸಾಲೆಗೆಂದು ತೆಗೆದಿಟ್ಟ ಹಣ ಐದು ತೊಲೆಯ ಪಾಲಿಶಿಗೆ ಸಾಕಾಗುವಷ್ಟಿತ್ತು. ಮಾಳಿಗೆ ಸರಿಪಡಿಸಿದರೆ ಪಾಲಿಶಿಗೆ ಏನೂ ಉಳಿಯುವುದಿಲ್ಲ. ಮಗನ ವಾದವನ್ನು ತೆಗೆದುಹಾಕುವಂತಿರಲಿಲ್ಲ: ಮದುವೆ ವೈಶಾಖದಲ್ಲಿ, ಆಗ ಮಳೆ ಇರುವುದಿಲ್ಲ, ಈಗ ಚೆಂದ ಮಾಡಿಕೊಳ್ಳೋಣ, ಮಾಳಿಗೆಯನ್ನು ಮುಂದಿನ ವರ್ಷ ನೋಡಿದರಾಯಿತು. ನಾನು ಹೇಳಿದ್ದಿಷ್ಟು: ಒದ್ದೆ ಕಟ್ಟಿಗೆಯ ಮೇಲೆ ಪಾಲಿಶ್ ಎಳೆದರೆ ತೇವ ಒಳಗೇ ಬೀಗ ಹಾಕಿದಂತೆ ಕೂರುತ್ತದೆ, ಮದುವೆಯ ಫೋಟೋಗಳು ಚೆನ್ನಾಗಿ ಬರುತ್ತವೆ, ಮಿರಗಕ್ಕೆ ಅದೇ ಜಾಗದಲ್ಲಿ ಪಾಲಿಶ್ ಬೆಳ್ಳಗಾಗಿ ಎದ್ದು ಬರುತ್ತದೆ, ಐದನೇ ತೊಲೆಯ ತುದಿಗೆ ಮುಂದಿನ ವರ್ಷದವರೆಗೆ ಪುರಸೊತ್ತು ಇಲ್ಲ, ಮದುವೆಯ ಜನವೆಲ್ಲ ಅದರ ಕೆಳಗೇ ಕೂರುವವರು.

ಕೊನೆಯ ಮಾತೇ ಕೆಲಸ ಮಾಡಿತು. ಹಣ ಮಾಳಿಗೆಗೆ ಹೋಯಿತು. ತೊಲೆಗಳಿಗೆ ಕೂಲಿ ಹೆಚ್ಚು, ಸಾಮಾನಿನ ಖರ್ಚು ಕಡಿಮೆ ಇರುವ ದಾರಿ ಹಿಡಿಯಬೇಕಾಯಿತು, ಅದೂ ಒಳ್ಳೆಯದೇ ಆಯಿತು.

ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ಸಿಮೆಂಟ್ ಗಿಲಾವು ಒಡೆದು ತೆಗೆಸಿದೆವು. ವರ್ಷ ವರ್ಷ ಏರಿಸಿದ ಹಳೆಯ ಮಣ್ಣಿನಲ್ಲೂ ಮೇಲಿನ ಗೇಣುದ್ದ ತೆಗೆದು ಭಾರ ಇಳಿಸಿದೆವು. ಮುಂದೇನು ಎನ್ನುವಲ್ಲಿ ನನ್ನ ಮನಸ್ಸು ಸವಳಿನ ಕಡೆಗೇ ಇತ್ತು. ಆದರೆ ಪ್ರತಿವರ್ಷ ಹತ್ತಿ ಸವಳು ಹಾಕುವವರು ಯಾರು? ಮಾಸ್ತರ ಮೊಳಕಾಲು ನೋವು, ಮಗ ಪುಣೆಯಲ್ಲಿ, ಆ ಕೆಲಸ ಬಲ್ಲ ಆಳುಗಳೂ ಊರಲ್ಲಿ ಕಡಿಮೆಯಾಗಿದ್ದಾರೆ. ಕೊನೆಗೆ ಮಣ್ಣನ್ನು ಹಾಗೇ ಬಿಟ್ಟು, ಅದರ ಮೇಲೆ ಎರಡಡಿ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡು ಹಾಕಿಸಿದೆವು, ನಾಲ್ಕೂ ಕಡೆ ಗಾಳಿ ಆಡುವಂತೆ. ಹೊರಗಿನಿಂದ ಚೆಂದ ಕಾಣುವುದಿಲ್ಲ, ನನಗಂತೂ ಕಾಣುವುದಿಲ್ಲ. ಆದರೆ ಕೆಳಗಿನ ಮಣ್ಣು ಒಣಗಿರುತ್ತದೆ, ಬೇಸಿಗೆಯಲ್ಲಿ ತಗಡಿನ ಕಾವು ಪಡಸಾಲೆಗೆ ಇಳಿಯುವುದಿಲ್ಲ.

ಐದನೇ ತೊಲೆಯ ಕೆಳಗೆ ಜಾಕ್ ಕೊಟ್ಟು ಆಧಾರ ನಿಲ್ಲಿಸಿ, ಕೊಳೆತ ತುದಿಯನ್ನು ಗಟ್ಟಿ ಕಟ್ಟಿಗೆ ಸಿಗುವವರೆಗೆ ಕತ್ತರಿಸಿದೆವು. ಹೊಸ ತೊಲೆ ಹಾಕಬೇಕೆಂಬ ಮಾತು ಬಂತು, ಕಾಕಾ ಒಪ್ಪಲಿಲ್ಲ. ಉಳಿದ ಹತ್ತಡಿ ಕಟ್ಟಿಗೆ ಇನ್ನೂ ಟಣ್ ಎನ್ನುತ್ತಿದೆ, ಅದನ್ನು ಯಾಕೆ ಇಳಿಸಬೇಕು? ಗೋಡೆಗೆ ಹೊಂದಿ, ಕಲ್ಲಿನ ಅಡಿಯ ಮೇಲೆ ಒಂದು ಕಂಬ, ಅದರ ತಲೆಗೆ ಬೋದಿಗೆ ಎಂಬ ಅಡ್ಡ ದಿಮ್ಮಿ, ಬೋದಿಗೆಯ ಮೇಲೆ ತೊಲೆಯ ತುದಿ. ಕಂಬದ ಕಟ್ಟಿಗೆ ಬಂದದ್ದು ಮುಳುಗಡೆಯಾದ ಊರಿನ ಮನೆಯೊಂದರದು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟವರು ಬಿಚ್ಚಿ ತಂದ ಕಂಬ-ತೊಲೆಗಳು ಈ ಜಿಲ್ಲೆಯಲ್ಲಿ ಇಂದಿಗೂ ಕೈ ಬದಲಿಸುತ್ತಿವೆ. ಒಣಗಿ ಹದವಾದ ಕಟ್ಟಿಗೆ ಬೇಕಾದರೆ ಹೊಸ ಡಿಪೋಗಿಂತ ಅದೇ ಮೇಲು. ಗೋಡೆಯ ಹಳೆಯ ಗೂಡಿಗೆ ಸಿಮೆಂಟ್ ತುಂಬಲು ಗೌಂಡಿ ಸಿದ್ಧನಾಗಿ ನಿಂತಿದ್ದ. ಬೇಡವೆಂದೆ. ಉಳಿದ ನಾಲ್ಕು ತೊಲೆಗಳ ತುದಿಯ ಸುತ್ತಲೂ ಬೆರಳು ಹೋಗುವಷ್ಟು ಸಂದು ಬಿಡಿಸಿ, ಗೋಡೆಯೊಳಗೂ ಗಾಳಿ ಆಡುವಂತೆ ಮಾಡಿದೆವು.

ತೊಳೆಯುವುದಕ್ಕಿಂತ ಒರೆಸುವುದು

ಮೀಟರಿನ ಅಂಕಿ 15ರ ಕೆಳಗೆ ಇಳಿಯುವವರೆಗೆ ತೊಲೆಗಳನ್ನು ಮುಟ್ಟಲಿಲ್ಲ. ಆಮೇಲೆ, ಗೋಡೆಯ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದ ಕಡೆ, ಅಂಗೈ ಅಗಲದ ತುಣುಕುಗಳಲ್ಲಿ ಒಂದೊಂದನ್ನೇ ಪರೀಕ್ಷೆ ಮಾಡಿದೆವು. ಕಡಿಮೆ ತೀಕ್ಷ್ಣದಿಂದ ಶುರು ಮಾಡಿ, ಬೇಕಾದಷ್ಟಕ್ಕೆ ನಿಲ್ಲುವುದು.

ಪೇಂಟ್ ತೆಗೆಯುವುದೇ ಹೆಚ್ಚು ಎಚ್ಚರ ಬೇಡಿದ ಕೆಲಸ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ದಶಕಗಳ ಹಿಂದಿನ ಹಸಿರು ಬಣ್ಣದಲ್ಲಿ ಸೀಸ ಇದೆಯೆಂದೇ ಹಿಡಿದು ನಡೆಯಬೇಕು. ಒಣ ಉಜ್ಜುವಿಕೆ, ಸುಡುವುದು ಎರಡೂ ಇಲ್ಲ. ಸೊಸೆ ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ನೀರು ಚಿಮುಕಿಸಿ ಒದ್ದೆ ಮಾಡಿ, ಕೈ ಉಳಿಯಿಂದ ಹೆರೆದು, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯನ್ನು ದಿನಾ ಮಡಚಿ ಕಟ್ಟಿ ತೆಗೆದೆವು. ಕಸಬರಿಗೆ ಮುಟ್ಟಲಿಲ್ಲ, ಒದ್ದೆ ಬಟ್ಟೆಯಿಂದಲೇ ನೆಲ ಒರೆಸಿದ್ದು. ಇದರಲ್ಲಿ ಯಾವ ಜಾಣತನವೂ ಇಲ್ಲ, ತಾಳ್ಮೆ ಇದೆ, ಭುಜನೋವು ಇದೆ.

ಕಬ್ಬಿಣದ ಕಲೆಗೆ ಆಕ್ಸಾಲಿಕ್ ಆಮ್ಲ ಹಚ್ಚಿದೆವು. ಫರಸಿ ಪಾಲಿಶ್ ಮಾಡುವವರು ಬಳಸುವ ಅದೇ ಬಿಳಿ ಹರಳು, ಲೀಟರ್ ಬಿಸಿನೀರಿಗೆ 50 ಗ್ರಾಂ. ಪ್ಲಾಸ್ಟಿಕ್ ಡಬ್ಬಿ, ನೈಲಾನ್ ಬ್ರಷ್, ಕೈಗವಸು, ಕನ್ನಡಕ. ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟರೆ ನೀಲಿಗಪ್ಪು ಕಣ್ಣೆದುರೇ ಕರಗಿ ಕಟ್ಟಿಗೆಯ ಜೇನು ಬಣ್ಣ ಮೇಲೆ ಬರುತ್ತದೆ. ಇದು ವಿಷ, ಉಳಿದರೆ ಒಣಗಿ ಪುಡಿಯಾಗಿ ಮೂಗಿಗೆ ಹೋಗುತ್ತದೆ, ಆದ್ದರಿಂದ ಹಿಂಡಿದ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಬೇಕು. ಬೇಡದ ಮೊಳೆಗಳನ್ನು ಮೊದಲೇ ಕಿತ್ತಿದ್ದೆವು. ತೊಟ್ಟಿಲ ಕೊಂಡಿ ಕೀಳಲು ಆಯಿ ಬಿಡಲಿಲ್ಲ. ಮದುವೆ ಮನೆಯಲ್ಲಿ ಅದನ್ನು ಕೀಳುತ್ತಾರೆಯೇ ಎಂದು ಕೇಳಿದ ಮೇಲೆ ನಮ್ಮಲ್ಲಿ ಉತ್ತರವಿರಲಿಲ್ಲ. ತುಕ್ಕು ಉಜ್ಜಿ, ಅರಗಿನ ಪಾಲಿಶ್ ಬಳಿದು ಬಿಟ್ಟೆವು.

ಮೂರನೇ ತೊಲೆಯ ಕ್ಷಾರವನ್ನು ತೆಳು ವಿನೆಗರಿನಿಂದ ಇಳಿಸಿ, ಮೇಲೆ ಆಕ್ಸಾಲಿಕ್ ಕೊಟ್ಟೆವು. ಅರ್ಧ ಬಣ್ಣ ಮರಳಿತು. ನಾಲ್ಕನೆಯದರ ಚುಕ್ಕೆಗಳು ಹೋದವು, ತಂತಿ ಬ್ರಷ್ಷಿನ ಸುತ್ತುಗೀರುಗಳು ಹೋಗಲಿಲ್ಲ.

ಅಡಿಗೆಮನೆ ಕಡೆಯ ತೊಲೆಯಲ್ಲಿ ಪರೀಕ್ಷೆಯ ತುಣುಕು ಸೊಗಸಾಗಿ ಬಂದಿತ್ತು: ಮೆತ್ತನೆ ಬ್ರಷ್, ಆಮೇಲೆ ಟರ್ಪೆಂಟೈನ್ ಅದ್ದಿದ ಬಟ್ಟೆ, ಕೊನೆಗೆ ಅಂಟವಾಳದ ನೊರೆ. ಪೂರ್ತಿ ಮಾಡೋಣ ಎಂದು ಏಣಿ ಇಟ್ಟಾಗ ಆಯಿ ಬಂದರು. "ಅದನ್ಯಾಕ ತೊಳಿತೀರಿ? ಹೊಗಿ ಕುಡದ ಕಟಗಿಗೆ ಹುಳಾ ಹತ್ತೂದಿಲ್ಲ." ಅದು ಬರೀ ಮುದುಕಿಯ ಮಾತಲ್ಲ. ಕಟ್ಟಿಗೆಯ ಹೊಗೆಯಲ್ಲಿರುವ ಫಿನಾಲ್ ಜಾತಿಯ ವಸ್ತುಗಳು ಹುಳಕ್ಕೆ ಒಗ್ಗುವುದಿಲ್ಲ, ಒಲೆಯ ಕಾವು ಕಟ್ಟಿಗೆಯನ್ನು ಒಣಗಿಸಿಯೂ ಇಟ್ಟಿತ್ತು. ಮೀಟರಿನಲ್ಲಿ ಎಲ್ಲಕ್ಕಿಂತ ಕಡಿಮೆ ತೇವ ತೋರಿಸಿದ್ದೂ ಅದೇ ತೊಲೆ. ಕೈಗೆ ಹತ್ತುವ ಜಿಡ್ಡು ತೆಗೆದು ಕಪ್ಪನ್ನು ಉಳಿಸಿದೆವು. ಮಗ ಮುನಿಸಿಕೊಂಡ. ಆಮೇಲೆ ಆ ಕಪ್ಪು ತೊಲೆಯ ಕೆಳಗೇ ಅತಿ ಹೆಚ್ಚು ಫೋಟೋ ತೆಗೆಸಿಕೊಂಡವನೂ ಅವನೇ.

ರಕ್ಷಣೆಯ ಕೋಟು

ಬರಿಮೈ ಕಟ್ಟಿಗೆಗೆ ಮೊದಲು ಬೋರಾಕ್ಸ್ ಒಂದೂವರೆ ಪಾಲು, ಬೋರಿಕ್ ಆಮ್ಲ ಒಂದು ಪಾಲು ಸೇರಿಸಿ ಬಿಸಿನೀರಿನಲ್ಲಿ ಕರಗಿಸಿದ ದ್ರಾವಣ, ತುದಿಗಳಿಗೂ ಬಿರುಕುಗಳಿಗೂ ಹೆಚ್ಚು. ನೀರು ತಾಗಿದರೆ ಇದು ತೊಳೆದುಹೋಗುತ್ತದೆ, ಹಾಗಾಗಿ ಮಾಳಿಗೆ ಸೋರುವ ಮನೆಯಲ್ಲಿ ಇದಕ್ಕೆ ಅರ್ಥವಿಲ್ಲ. ನೆಲದಿಂದ ಏರುವ ಒರಲೆಗೆ ಗೋಡೆಯ ಬುಡದಲ್ಲಿ ಬೇರೆಯವರಿಂದ ಔಷಧಿ ಮಾಡಿಸಿದೆವು.

ಎಣ್ಣೆಯ ವಿಷಯದಲ್ಲಿ ಊರೆಲ್ಲಾ ಸಲಹೆಗಾರರು. ಒಬ್ಬರು ಗಾಡಿಯ ಸುಟ್ಟ ಆಯಿಲ್ ಅಂದರು. ಹುಳ ಬರಲಿಕ್ಕಿಲ್ಲ, ಆದರೆ ಕಪ್ಪು, ವಾಸನೆ, ಮೈಗೆ ಹತ್ತುವ ಹೊಲಸು. ಇನ್ನೊಬ್ಬರು ಶೇಂಗಾ ಎಣ್ಣೆ ಅಂದರು. ಅದು ಎಂದೂ ಒಣಗುವುದಿಲ್ಲ, ಧೂಳು ಹಿಡಿದು ಕಮಟುತ್ತದೆ. ಅಗಸಿ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ, ಆದರೆ ಗಾಣದ ಹಸಿ ಎಣ್ಣೆಗೆ ವಾರಗಳು ಬೇಕು. ಬಣ್ಣದಂಗಡಿಯ ಬಾಯ್ಲ್ಡ್ ಲಿನ್ಸೀಡ್, ಅಂದರೆ ಬೇಗ ಒಣಗುವಂತೆ ಮಾಡಿದ ಅಗಸಿ ಎಣ್ಣೆ ತಂದು, ಮೊದಲ ಕೈಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ, ಹಚ್ಚಿದ ಸ್ವಲ್ಪ ಹೊತ್ತಿಗೆ ಕಟ್ಟಿಗೆ ಕುಡಿಯದೆ ಬಿಟ್ಟದ್ದನ್ನೆಲ್ಲ ಒರೆಸಿ ತೆಗೆದೆವು. ಹೊಳಪು ಇಲ್ಲ, ಹಸನಾದ ಮಂದ ಬಣ್ಣ. ಮುಂದೆ ಎಲ್ಲಿ ಮಾಸಿದರೂ ಅಲ್ಲಿಗಷ್ಟೇ ಒಂದು ಕೈ ಹಚ್ಚಬಹುದು, ಇಡೀ ತೊಲೆ ಹೆರೆಯಬೇಕಿಲ್ಲ.

ಇದರ ಜೊತೆಗಿನ ಅಪಾಯವನ್ನು ಬರೆಯದೆ ಮುಂದೆ ಹೋಗಲಾರೆ. ಎರಡನೇ ಕೈ ಹಚ್ಚಿದ ದಿನ ಆಳುಹುಡುಗ ಎಣ್ಣೆಬಟ್ಟೆಗಳನ್ನೆಲ್ಲ ಮುದ್ದೆ ಮಾಡಿ ಬಕೀಟಿನಲ್ಲಿ ತುರುಕಿ, ಹಿತ್ತಿಲಿನ ಕಣಿಕೆ ಬಣವೆಯ ಪಕ್ಕ ಇಟ್ಟಿದ್ದ. ಮಧ್ಯಾಹ್ನ ಬಕೀಟು ಎತ್ತಲು ಹೋದ ಕಾಕಾ ಕೈ ಹಿಂದೆಗೆದರು. ಬಟ್ಟೆಯ ನಡುಭಾಗ ಮುಟ್ಟಲಾಗದಷ್ಟು ಸುಡುತ್ತಿತ್ತು, ಕಮಟು ವಾಸನೆ ಏಳುತ್ತಿತ್ತು. ಈ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ಕೂಡಿ ತನ್ನಿಂದ ತಾನೇ ಬೆಂಕಿ ಹತ್ತುತ್ತದೆ. ನೀರು ಸುರಿದು ಮುಳುಗಿಸಿದೆವು. ಮರುದಿನದಿಂದ ಒಂದೊಂದು ಬಟ್ಟೆಯನ್ನೂ ಅಂಗಳದ ಕಲ್ಲಿನ ಮೇಲೆ ಬಿಡಿಬಿಡಿಯಾಗಿ ಹರವಿ ಒಣಗಿಸಿಯೇ ಬಿಸಾಡಿದ್ದು.

ಮಳೆಗಾಲದ ನಂತರ

ಮದುವೆ ಆಯಿತು, ಮಳೆಗಾಲವೂ ಕಳೆಯಿತು. ಬಡಗು ಗೋಡೆಯ ಕಡೆಯ ತೇವ ಮಳೆಗಾಲದ ನಡುವೆಯೂ 20 ಮುಟ್ಟಲಿಲ್ಲ. ಎರಡನೇ ತೊಲೆಯಲ್ಲಿ ಉಪ್ಪು ಒಮ್ಮೆ ತೆಳ್ಳಗೆ ಮೂಡಿತ್ತು, ಒಳಗೆ ಉಳಿದದ್ದು ಒಣಗುತ್ತಾ ಹೊರಬಂದದ್ದು. ಒಣ ಬ್ರಷ್ಷಿನಿಂದ ಉದುರಿಸಿದರು, ಮತ್ತೆ ಬರಲಿಲ್ಲ. ತೊಟ್ಟಿಲ ಕೊಂಡಿಯ ಸುತ್ತ ನೀಲಿಗಪ್ಪು ತಿರುಗಿ ಬಂದಿದೆ, ಕಬ್ಬಿಣ ಅಲ್ಲೇ ಇರುವವರೆಗೆ ಬರುವಂಥದ್ದೇ. ಮೂರನೇ ತೊಲೆ ಈಗಲೂ ಉಳಿದವುಗಳಿಗಿಂತ ಒಂದು ಛಾಯೆ ಕಪ್ಪು. ಮಗ ಉಳಿದವಕ್ಕೂ ಬಣ್ಣ ಹಚ್ಚಿ ಸರಿದೂಗಿಸೋಣ ಅಂದ, ಮಾಸ್ತರು ಸಾಕು ಬಿಡು ಅಂದರು.

ಬಾಕಿ ಉಳಿದದ್ದು ಅಡಿಗೆಮನೆಯ ಒಂದು ಬೇವಿನ ಜಂತಿ. ಅದರ ಕೆಳಗೆ ರವೆಯಂಥ ಪುಡಿ ಕಾಣಿಸಿಕೊಂಡಿದೆ. ಹಳೆಯ ತೂತಿನಿಂದ ಉದುರಿದ್ದೋ, ಒಳಗೆ ಹುಳ ಇನ್ನೂ ಇದೆಯೋ ನೋಡಿದ ತಕ್ಷಣ ಹೇಳಲು ಬರುವುದಿಲ್ಲ. ತೂತುಗಳ ಸುತ್ತ ಪೆನ್ಸಿಲ್ ಗುರುತು ಹಾಕಿ, ಕೆಳಗಿನ ಕಪಾಟಿನ ಮೇಲೆ ಬಿಳಿ ಕಾಗದ ಹಾಸಿದ್ದೇವೆ. ಬೇಸಿಗೆಯಲ್ಲಿ ಹೊಸ ಪುಡಿ ಬಿದ್ದರೆ ಅಷ್ಟು ಜಾಗದ ಜಿಡ್ಡು ತೆಗೆದು ಬೋರಾಕ್ಸ್ ಕೊಡುವುದೆಂದು ಆಗಿದೆ. ಆಯಿ ಅದಕ್ಕೆ ಇನ್ನೂ ಒಪ್ಪಿಲ್ಲ.